ಭಾನುವಾರದ ಚರ್ಚೆಗೆ ಮುಂಚೆ: ಬಹುಮತ ಎಲ್ಲಿಯವರೆಗೆ?

ಎಲ್ಲರಿಗೂ ನಮಸ್ಕಾರ. ಬಹುಮತ ಇದ್ದರೆ ಏನು ಬೇಕಾದರೂ ಮಾಡಬಹುದಾ? ಭಾನುವಾರದ ವಿಷಯ ಇದೇ. ಅದಕ್ಕೂ ಮುಂಚೆ ಇದನ್ನು ಓದಿಕೊಳ್ಳಿ.

1959ರಲ್ಲಿ ಸ್ವಿಟ್ಜರ್ಲೆಂಡ್‌ನಲ್ಲಿ ಹೆಂಗಸರಿಗೆ ಮತದಾನದ ಹಕ್ಕು ಕೊಡಬೇಕೇ ಎಂದು ಜನಮತ ಕೇಳಿದರು. ಮತ ಹಾಕಿದವರು ಗಂಡಸರು ಮಾತ್ರ. ಮೂರರಲ್ಲಿ ಎರಡು ಪಾಲು ಜನ ಬೇಡ ಎಂದರು. ಎಣಿಕೆಯಲ್ಲಿ ಮೋಸ ಇರಲಿಲ್ಲ, ಆದರೆ ಅರ್ಧ ದೇಶ ಎಣಿಕೆಯಲ್ಲೇ ಇರಲಿಲ್ಲ! ಹಕ್ಕು ಸಿಕ್ಕಿದ್ದು 1971ರಲ್ಲಿ. ಅಪೆನ್‌ಜೆಲ್ ಇನ್ನರ್‌ರೋಡನ್ ಎಂಬ ಪುಟ್ಟ ಪ್ರಾಂತ್ಯದ ಗಂಡಸರು ಮಾತ್ರ ತಮ್ಮ ಸ್ಥಳೀಯ ಮತದಾನದ ವಿಷಯದಲ್ಲಿ 1990ರಲ್ಲೂ ಒಪ್ಪಲಿಲ್ಲ. ಅದೇ ವರ್ಷ ನ್ಯಾಯಾಲಯವೇ ಹಕ್ಕು ಕೊಡಿಸಿತು.

ತೆರಿಗೆ ಎಷ್ಟು, ರಸ್ತೆ ಎಲ್ಲಿ ಎಂಬುದನ್ನು ಬಹುಮತ ತೀರ್ಮಾನಿಸಲಿ, ಸೋತವರು ಒಪ್ಪಿಕೊಳ್ಳಲಿ. ಆದರೆ ಮಾತಾಡುವ, ಮತ ಹಾಕುವ ಹಕ್ಕನ್ನೇ ಕಿತ್ತುಕೊಂಡರೆ ಸೋತವರು ಮುಂದೆಂದೂ ಗೆಲ್ಲೋಕೆ ಆಗಲ್ಲ, ಅಲ್ವಾ? ಜರ್ಮನಿಯ 1949ರ ಸಂವಿಧಾನವಂತೂ ಕೆಲವು ತತ್ವಗಳನ್ನು ಎಷ್ಟೇ ಬಹುಮತ ಇದ್ದರೂ ಮುಟ್ಟುವಂತಿಲ್ಲ ಎನ್ನುತ್ತದೆ.

ಗೆರೆ ಎಳೆಯುವವರು ಯಾರು ಎಂಬುದೇ ಕಷ್ಟದ ಪ್ರಶ್ನೆ. ನ್ಯಾಯಾಧೀಶರನ್ನು ನಾವು ಆರಿಸಿಲ್ಲವಲ್ಲ. ಸಂಸತ್ತು ಸಂವಿಧಾನದ ಮೂಲ ರಚನೆಯನ್ನು, ಅಂದರೆ ಅದರ ಬುನಾದಿಯಾದ ತತ್ವಗಳನ್ನು, ಬದಲಿಸುವಂತಿಲ್ಲ ಎಂದು 1973ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಹೇಳಿದ್ದು 7–6ರ ಬಹುಮತದಲ್ಲಿ. ತಮಾಷೆ ನೋಡಿ, ಬಹುಮತಕ್ಕೆ ಮಿತಿ ಹಾಕಿದ್ದೂ ಬಹುಮತವೇ!

ಇದರ ಬಗ್ಗೆ ನಿಮ್ಮ ಅಭಿಪ್ರಾಯವನ್ನು ಶನಿವಾರದೊಳಗೆ ನಾಲ್ಕು ಸಾಲಲ್ಲಿ ಇಲ್ಲೇ ಹಾಕಿ. ಪಕ್ಷಗಳ ಜಗಳ, ಫಾರ್ವರ್ಡ್ ಮೆಸೇಜು ಬೇಡ.