ಮಗಳಿಗೊಂದು ಪತ್ರ: ಗಿಣ್ಣು ಹಾಲಿನ ಜೊತೆ

ಪ್ರೀತಿಯ ಪುಟ್ಟಿ,

ಗೌರಿ ಮೊನ್ನೆ ರಾತ್ರಿ ಕರು ಹಾಕಿದಳು. ಹೆಣ್ಣು ಕರು. ನಿಮ್ಮಪ್ಪನ ಖುಷಿ ಕೇಳಬೇಡ, ಮಾಸು, ಅಂದರೆ ಕರುವಿನ ಹಿಂದೆ ಬರುವ ಚೀಲ, ಬೀಳುವವರೆಗೂ ಕೊಟ್ಟಿಗೆ ಬಿಟ್ಟು ಕದಲಲಿಲ್ಲ. ಹಸು ಅದನ್ನು ತಿಂದುಬಿಟ್ಟರೆ ಕಷ್ಟ ಅಲ್ವಾ? ನಿಮ್ಮಜ್ಜನ ಕಾಲದಲ್ಲಿ ಹುಲ್ಲಿನಲ್ಲಿ ಸುತ್ತಿ ಆಲದ ಮರಕ್ಕೆ ಕಟ್ಟುತ್ತಿದ್ದರು. ಇವರು ಗುಂಡಿ ತೋಡಿ ಮುಚ್ಚಿದರು.

ಗಿಣ್ಣಿಗೆ ಅಳತೆ ಹೇಳು ಅಂತ ಫೋನಿನಲ್ಲಿ ಕೇಳಿದೆಯಲ್ಲ. ನಿನ್ನ ರೂಮಿನ ಹುಡುಗಿಯರು ಹಾಲಿನ ಪುಡಿ, ಚೈನಾ ಗ್ರಾಸ್ ಹಾಕಿ ಮಾಡಿದ್ದು ರುಚಿಯಾಗಿಯೇ ಇದ್ದಿರಬಹುದು. ಆದರೆ ಅದು ಗಿಣ್ಣಲ್ಲ ಕಣೇ. ನಿಜವಾದ ಗಿಣ್ಣಿಗೆ ಒಂದೇ ಅಳತೆ ಅನ್ನುವುದಿಲ್ಲ. ಕರು ಹಾಕಿದ ಮೇಲೆ ಕರೆಯುವ ಗಿಣ್ಣು ಹಾಲು ಹೊತ್ತಿನಿಂದ ಹೊತ್ತಿಗೆ ತೆಳ್ಳಗಾಗುತ್ತಾ ಹೋಗುತ್ತದೆ.

ಮೊದಲ ಪಾಲು ಕರುವಿಗೆ. ಹುಟ್ಟಿದ ಕರುವಿಗೆ ರೋಗ ತಡೆಯುವ ಶಕ್ತಿ ಬರುವುದೇ ಆ ಹಳದಿ ಹಾಲಿನಿಂದ. ಒಂದು ದಿನ ಕಳೆದ ಮೇಲೆ ಎಷ್ಟು ಕುಡಿಸಿದರೂ ಆ ಶಕ್ತಿ ಮೈಗೆ ಹತ್ತುವುದಿಲ್ಲ. 30 ಕೆಜಿ ಕರುವಿಗೆ ಮೊದಲ ದಿನ 3 ಲೀಟರ್ ಆದರೂ ಬೇಕು. ಅದರ ಹೊಟ್ಟೆ ತುಂಬಿದ ಮೇಲೆ ಉಳಿದದ್ದು ನಮಗೆ. ಡೈರಿಗಂತೂ ಈ ಹಾಲು ಹಾಕುವಂತಿಲ್ಲ, ಕಾಯಿಸಿದರೆ ಕ್ಯಾನಿನ ಹಾಲೆಲ್ಲ ಒಡೆಯುತ್ತದೆ. ಹಾಗಾಗಿ ಈ ವಾರದ ಬಟವಾಡೆ ಸ್ವಲ್ಪ ಕಮ್ಮಿಯೇ.

ಈಗ ಕೇಳು. ಡಬ್ಬಿಯಲ್ಲಿ ಕಳಿಸಿರುವುದು ಎರಡನೇ ಹೊತ್ತಿನ ಹಾಲು, ಫ್ರೀಜರಿನಲ್ಲಿಟ್ಟು ಗಟ್ಟಿ ಮಾಡಿದ್ದೀನಿ. ಒಲೆ ಮೇಲಿಟ್ಟು ಕರಗಿಸಬೇಡ, ತಳದಲ್ಲೇ ಗಡ್ಡೆ ಕಟ್ಟುತ್ತದೆ. ಸುಮ್ನೆ ಹೊರಗಿಟ್ಟರೆ ಸಾಕು. ಒಂದು ಲೋಟ ಗಿಣ್ಣು ಹಾಲಿಗೆ ಎರಡು ಲೋಟ ಮಾಮೂಲಿ ಹಾಲು ಸೇರಿಸು. ಬೆಲ್ಲವನ್ನು ತಣ್ಣನೆ ಹಾಲಿನಲ್ಲೇ ಕರಗಿಸಿ ಸೋಸು, ಮಣ್ಣು ಕಲ್ಲು ಇರುತ್ತದೆ. ಏಲಕ್ಕಿ ಹಾಕು. ಪೂರ್ತಿ ಬೇಯಿಸುವ ಮುಂಚೆ ಒಂದು ಚಿಕ್ಕ ಬಟ್ಟಲಲ್ಲಿ ನಾಲ್ಕು ಚಮಚ ಹಾಕಿ ಹಬೆಯಲ್ಲಿಟ್ಟು ನೋಡು. ರಬ್ಬರಿನ ಹಾಗೆ ಆದರೆ ಮಾಮೂಲಿ ಹಾಲು ಸೇರಿಸು. ಕೂಡಿಕೊಳ್ಳದೆ ನೀರು ಬಿಟ್ಟರೆ ಗಿಣ್ಣು ಹಾಲೇ ಇನ್ನಷ್ಟು ಹಾಕು. ಅಳತೆ ಅಂದರೆ ಇದೇ ಬಟ್ಟಲು. ಆಮೇಲೆ ಕುಕ್ಕರಿಗೆ ವಿಷಲ್ ಹಾಕದೆ 20 ನಿಮಿಷ ಬೇಯಿಸು. ಪೂರ್ತಿ ಆರಿದ ಮೇಲೆ ಕತ್ತರಿಸು, ಆತುರಪಟ್ಟರೆ ಪುಡಿಪುಡಿ ಆಗುತ್ತದೆ.

ಇಲ್ಲಿ ನಮಗೆ ದಿನಾ ಹುರುಳಿ ಕಟ್ಟಿನ ಸಾರು, ಮುದ್ದೆ. ಬಾಣಂತಿ ಹಸುವಿಗೆ ಹುರುಳಿ ಬೇಯಿಸಲೇಬೇಕಲ್ಲ. ಕಾಳು ಅವಳಿಗೆ, ಬಸಿದ ಕಟ್ಟು ನಮಗೆ. ಉಪ್ಪು ಹಾಕುವ ಮುಂಚೆಯೇ ಬಸಿದುಕೊಳ್ಳುತ್ತೀನಿ. ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಮೆಣಸು, ಹುಣಸೆಹಣ್ಣು ಹಾಕಿ ರುಬ್ಬಿ ಕುದಿಸಿದರೆ ಎರಡನೇ ದಿನಕ್ಕೆ ಇನ್ನೂ ರುಚಿ. ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ ಎಲ್ಲ ಕಲಗಚ್ಚಿನ ಬಕೆಟ್ಟಿಗೆ. ಬೂಸಾ ಮೂಟೆ ಬೆಲೆ ನೋಡಿದರೆ ಒಂದು ಹನಿಯನ್ನೂ ಚೆಲ್ಲೋಕೆ ಮನಸ್ಸು ಬರಲ್ಲ.

"ಇಷ್ಟು ಕಷ್ಟ ಯಾಕಮ್ಮ, ಎರಡು ಹಸು ಮಾರಿಬಿಡಿ" ಅಂತೀಯ. ನಾಲ್ಕು ಗಂಟೆಗೆ ಏಳೋದು ನನಗೂ ಸಾಕಾಗಿದೆ, ಸುಳ್ಳು ಹೇಳಲ್ಲ. ಆದರೆ ನಿನ್ನ ಫೀಸು ಕಟ್ಟಿದ್ದು ಭತ್ತ ಅಲ್ಲ, ಕಬ್ಬೂ ಅಲ್ಲ. ವಾರ ವಾರ ಕೈಗೆ ಬಂದದ್ದು ಡೈರಿ ದುಡ್ಡೊಂದೇ. ಈ ಕರು ಗಬ್ಬವಾಗುವಷ್ಟು ಬೆಳೆಯಲಿ, ಆಗ ಹಳೇ ಹಸುವಿನ ವಿಷಯ ಮಾತಾಡೋಣ. ನಿಮ್ಮಪ್ಪನ ಮುಂದೆ ಮಾತ್ರ ಈಗಲೇ ಎತ್ತಬೇಡ.

ಪಕ್ಕದ ಮನೆ ಹುಡುಗನ ಕೈಗೇ ಡಬ್ಬಿ ವಾಪಸ್ ಕೊಡು. ಹೋದ ಸಲದ ಎರಡು ಡಬ್ಬಿಯೂ ನಿನ್ನ ಹತ್ತಿರವೇ ಇವೆ.

ಇಂತಿ,
ನಿನ್ನ ಅಮ್ಮ