ಮಗಳಿಗೊಂದು ಪತ್ರ: ಬೆತ್ತ ಹಿಡಿಯಿರಿ ಎನ್ನುವವರ ನಡುವೆ

ಪ್ರೀತಿಯ ಮಗಳಿಗೆ ಅಮ್ಮನ ಆಶೀರ್ವಾದಗಳು.

ನಿನ್ನ ಕಾಗದ ತಲುಪಿತು. ಯಾದಗಿರಿ ಜಿಲ್ಲೆಯ ಪ್ರೌಢಶಾಲೆಗೆ ಗಣಿತ ಶಿಕ್ಷಕಿಯಾಗಿ ಹೋಗಿ ಇನ್ನೂ ಆರು ತಿಂಗಳು ತುಂಬಿಲ್ಲ, ಅಷ್ಟರಲ್ಲೇ ಪೋಷಕರ ಸಭೆಯಲ್ಲಿ ತಂದೆಯೊಬ್ಬರು ಎದ್ದು ನಿಂತು ‘ನಾಕ್ ಬಡೀರಿ ಮೇಡಂ, ನಾವೇನೂ ಅನ್ನಂಗಿಲ್ಲ’ ಎಂದದ್ದನ್ನೂ ನಿನಗೆ ಉತ್ತರ ತೋಚದೆ ಹೋದದ್ದನ್ನೂ ಎರಡು ಸಲ ಓದಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ ಎಂದು ನೀನು ಹೇಳಿದ್ದರೂ ಅವರಿಗೆ ಸಮಾಧಾನ ಆಗುತ್ತಿರಲಿಲ್ಲ. ಮಗ ಎಸ್‌ಎಸ್‌ಎಲ್‌ಸಿಯಲ್ಲಿ ಫೇಲಾದರೆ ಮುಂದೇನು ಎಂಬ ಭಯ ಅವರ ಬಾಯಿಂದ ಆ ಮಾತು ಆಡಿಸಿದೆ.

ನಿನಗೆ ಈವರೆಗೆ ಹೇಳದ ಒಂದು ವಿಷಯವಿದೆ. ಕೆಲಸಕ್ಕೆ ಸೇರಿದ ಮೂರನೆಯ ವರ್ಷ, ದಿನವೂ ತಡವಾಗಿ ಬರುತ್ತಿದ್ದ ಒಂಬತ್ತನೆಯ ತರಗತಿಯ ಹುಡುಗನೊಬ್ಬನ ಅಂಗೈಗೆ ನಾನು ಸ್ಕೇಲಿನಿಂದ ಹೊಡೆಯುತ್ತಿದ್ದೆ. ಕೆಲವು ವಾರಗಳಲ್ಲಿ ಅವನು ತಡವಾಗಿ ಬರುವುದು ನಿಂತಿತು, ಏಕೆಂದರೆ ಅವನು ಬರುವುದೇ ನಿಂತಿತು. ನಸುಕಿನಲ್ಲಿ ಬಂದರಿಗೆ ಹೋಗಿ ಮೀನಿನ ಬುಟ್ಟಿ ಹೊತ್ತು, ಸ್ನಾನ ಮಾಡಿ ಶಾಲೆಗೆ ಓಡಿಬರುತ್ತಿದ್ದನೆಂದು ನನಗೆ ತಿಳಿದದ್ದು ಆಮೇಲೆ. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮೇಲೆ ಗೆರೆ ಎಳೆದವಳು ನಾನೇ. ಯಾಕೆ ತಡವಾಯಿತೆಂದು ಒಂದು ದಿನವೂ ಕೇಳಿರಲಿಲ್ಲ.

2024ರ ಎಸ್‌ಎಸ್‌ಎಲ್‌ಸಿ ಫಲಿತಾಂಶ ನಿನಗೆ ನೆನಪಿರಬೇಕು. ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡಿದ ಆ ವರ್ಷ, ಕೃಪಾಂಕವನ್ನು ಹೆಚ್ಚಿಸಿದ ಮೇಲೂ, ಉತ್ತೀರ್ಣರಾದವರು ಶೇ 83.89ರಿಂದ 73.40ಕ್ಕೆ ಇಳಿದರು. ನಮ್ಮ ಉಡುಪಿ ಶೇ 94ರೊಂದಿಗೆ ಮೊದಲ ಸ್ಥಾನದಲ್ಲಿತ್ತು, ನೀನಿರುವ ಯಾದಗಿರಿ ಶೇ 50.59ರೊಂದಿಗೆ ಕೊನೆಯಲ್ಲಿತ್ತು. ನಕಲು ತಡೆಯಲೇಬೇಕಿತ್ತು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಮಾರ್ಚ್-ಏಪ್ರಿಲ್‌ನ ಆ ಕೆಲವು ದಿನಗಳ ಶಿಸ್ತು, ಜೂನ್‌ನಿಂದ ಫೆಬ್ರುವರಿಯವರೆಗೆ ಕಲಿಯದೆ ಉಳಿದದ್ದನ್ನು ಬಯಲು ಮಾಡಿತೇ ಹೊರತು ಏನನ್ನೂ ಕಲಿಸಲಿಲ್ಲ. ಕರಾವಳಿಯ ಮಕ್ಕಳು ಶಿಸ್ತಿನವರು, ಆ ಕಡೆಯವರು ಅಲ್ಲ ಎಂದು ನಮ್ಮ ನೆಂಟರು ಹೇಳಿದಾಗ ನೀನು ತಲೆದೂಗಬೇಡ. ಹತ್ತಿ ಬಿಡಿಸುವ ಕಾಲಕ್ಕೆ ನಿನ್ನ ತರಗತಿಯ ಹಿಂದಿನ ಬೆಂಚುಗಳು ಖಾಲಿಯಾಗುತ್ತವೆ, ಕೆಲವು ಕುಟುಂಬಗಳು ಮಕ್ಕಳನ್ನೂ ಕರೆದುಕೊಂಡು ಬೆಂಗಳೂರಿಗೆ ಗುಳೆ ಹೋಗುತ್ತವೆ ಎಂದು ನೀನೇ ಬರೆದಿದ್ದೀಯೆ. ಅಪವರ್ತನ ಕಲಿಸಿದ ವಾರ ಹೊಲದಲ್ಲಿದ್ದ ಹುಡುಗನಿಗೆ ಮುಂದಿನ ವರ್ಷ ವರ್ಗಸಮೀಕರಣ ಬಿಡಿಸಲು ಹೇಗೆ ಬಂದೀತು? ಬಾರದ್ದನ್ನು ಮುಚ್ಚಿಡಲು ಅವನು ಗಲಾಟೆ ಮಾಡುತ್ತಾನೆ, ನಾವು ಅದನ್ನು ಅಶಿಸ್ತು ಎನ್ನುತ್ತೇವೆ.

ಹಾಗೆಂದು ತರಗತಿಯನ್ನು ಸಡಿಲ ಬಿಡು ಎಂದು ನಾನು ಹೇಳುತ್ತಿಲ್ಲ. ಗದ್ದಲದ ತರಗತಿಯಲ್ಲಿ ಹೆಚ್ಚು ಕಳೆದುಕೊಳ್ಳುವವರು ಮನೆಯಲ್ಲಿ ಓದಿಸುವವರಿಲ್ಲದ ಮಕ್ಕಳೇ. ಗಂಟೆ ಬಾರಿಸುವ ಹೊತ್ತಿಗೆ ನೀನು ಬಾಗಿಲಲ್ಲಿರು. ಕೊಟ್ಟ ಹೋಂವರ್ಕನ್ನು ಮರುದಿನವೇ ತಿದ್ದು, ತಿದ್ದಲಾಗದಷ್ಟು ಕೊಡಬೇಡ. ಪರೀಕ್ಷೆಗೆ ಕೂರಲು ಶೇ 75ರಷ್ಟು ಹಾಜರಾತಿ ಬೇಕೆಂಬುದನ್ನು ಜನವರಿಯಲ್ಲಿ ಬೆದರಿಕೆಯಾಗಿ ಹೇಳುವ ಬದಲು, ಮೂರು ದಿನ ಬಾರದವನ ಮನೆಗೆ ನಾಲ್ಕನೆಯ ದಿನ ನೀನೇ ಹೋಗಿ ತಿಳಿಸು. ಮರಳಿ ಬಂದವನನ್ನು ಎಲ್ಲರೆದುರು ನಿಲ್ಲಿಸಿ ವಿಚಾರಿಸಬೇಡ, ತಪ್ಪಿಹೋದ ಪಾಠವನ್ನು ಸಂಜೆಯ ವಿಶೇಷ ತರಗತಿಯಲ್ಲಿ ಅವನಿಗೆ ಹೇಳಿಕೊಡು. ಇದು ಬೆತ್ತಕ್ಕಿಂತ ಹೆಚ್ಚು ದಣಿಸುವ ಕೆಲಸ ಎಂಬುದು ನನಗೆ ಗೊತ್ತು.

ಆ ತಂದೆಯನ್ನು ಮತ್ತೆ ಕರೆಸಿ, ಮಗ ಈ ವರ್ಷ ಎಷ್ಟು ದಿನ ಶಾಲೆಗೆ ಬಂದಿದ್ದಾನೆಂದು ಹಾಜರಿ ಪುಸ್ತಕ ತೆರೆದು ತೋರಿಸು. ಹತ್ತಿ ಬಿಡಿಸುವ ದಿನಗಳಲ್ಲಿ ಅವನನ್ನು ಶಾಲೆಗೆ ಕಳುಹಿಸಲು ಏನು ಅಡ್ಡಿಯಿದೆ ಎಂದು ಕೇಳು. ಅವರು ಏನು ಹೇಳಿದರೆಂಬುದನ್ನು ನನಗೆ ಬರೆ.

ನಿನ್ನ,
ಅಮ್ಮ