ಇಡಿಯಮ್ ಜೊತೆ ಅದರ ಹಿನ್ನೆಲೆನೂ ಹಾಕಿ

ಸಂಪಾದಕರಿಗೆ ನಮಸ್ಕಾರ,

ನಿಮ್ಮ ವಿದ್ಯಾರ್ಥಿ ಪುಟದಲ್ಲಿ ಬರೋ ಇಂಗ್ಲಿಷ್ ಇಡಿಯಮ್ ಪಟ್ಟಿನ ನನ್ನ ಮಗಳು ಕಟ್ ಮಾಡಿ ಇಟ್ಕೋತಾಳೆ, ಆದ್ರೆ ಬರೀ ಅರ್ಥ ಬಾಯಿಪಾಠ ಮಾಡಿದ್ರೆ ಪರೀಕ್ಷೆ ಮುಗಿದ್ಮೇಲೆ ತಲೇಲಿ ಉಳಿಯಲ್ಲ ಸಾರ್. ಎಲ್ಲಿಂದ ಬಂತು ಅಂತಾನೂ ಎರಡು ಸಾಲು ಹಾಕಿ. ಈಗ ‘ಸ್ಟಿಕಿ ವಿಕೆಟ್’ ತಗೊಳ್ಳಿ, ಇಕ್ಕಟ್ಟಿನ ಪರಿಸ್ಥಿತಿ ಅಂತ ಅರ್ಥ, ಹಿಂದೆ ಇಂಗ್ಲೆಂಡಲ್ಲಿ ಪಿಚ್‌ಗೆ ಹೊದಿಕೆ ಹಾಕ್ತಿರ್ಲಿಲ್ಲ, ಮಳೆಗೆ ನೆಂದ ಪಿಚ್ ಬಿಸಿಲಿಗೆ ಒಣಗ್ತಾ ಬಂದಾಗ ಬಾಲ್ ಹೆಂಗೆ ಎದ್ದು ಎತ್ತ ತಿರುಗುತ್ತೋ ಹೇಳೋಕೇ ಆಗ್ತಿರ್ಲಿಲ್ಲ, ಬ್ಯಾಟ್ಸ್‌ಮನ್ ಪಾಡು ಕೇಳೋದೇ ಬೇಡ. ಇಷ್ಟು ಹೇಳಿದ್ರೆ ಕ್ರಿಕೆಟ್ ನೋಡೋ ನಮ್ಮ ಮಕ್ಕಳು ಮರೀತಾರಾ? ‘ಆಫ್ ಯುವರ್ ಓನ್ ಬ್ಯಾಟ್’, ಅಂದ್ರೆ ಯಾರೂ ಹೇಳ್ದೆ ತಾನಾಗೇ ಮಾಡೋದು, ಅದೂ ಕ್ರಿಕೆಟ್‌ದೇ. ‘ಬೈ ಅಂಡ್ ಲಾರ್ಜ್’, ಅಂದ್ರೆ ಒಟ್ಟಾರೆಯಾಗಿ, ಅದು ಹಾಯಿಹಡಗಿನವರ ಮಾತು. ದಯವಿಟ್ಟು ಮುಂದಿನ ವಾರದಿಂದಲೇ ಶುರು ಮಾಡಿ.

– ಒಬ್ಬ ಓದುಗ, ತಿಪಟೂರು